ಪೆಂಫಿಗಸ್‌ಗೆ ಹಿಂದೆ ಪಲ್ಸ್ ಚಿಕಿತ್ಸೆ ಪಡೆದ ಅಮ್ಮನಿಗೆ ಈಗ ಮೂತ್ರದಲ್ಲಿ ರಕ್ತ: ಎರಡಕ್ಕೂ ಸಂಬಂಧವಿದೆಯೇ?

ಕಟಪಾಡಿಯ ಮಗಳು

ಅಮ್ಮನಿಗೆ ಈಗ 64 ವರ್ಷ. 2008ರಲ್ಲಿ ಬಾಯಿಯ ತುಂಬ ಹುಣ್ಣಾಗಿ, ಗಂಜಿಯ ತಿಳಿಯನ್ನೂ ನುಂಗಲಾಗದೆ ಮೂರು ತಿಂಗಳು ಕಳೆದ ಮೇಲೆ ಬೆನ್ನು ಮತ್ತು ಎದೆಯ ಮೇಲೆ ಗುಳ್ಳೆಗಳೆದ್ದು, ಅದು ಪೆಂಫಿಗಸ್ ವಲ್ಗ್ಯಾರಿಸ್ ಎಂದು ಗೊತ್ತಾಯಿತು. ಬಟ್ಟೆ ಅಂಟಿಕೊಂಡರೆ ಚರ್ಮವೇ ಕಿತ್ತು ಬರುತ್ತಿದ್ದುದರಿಂದ ತೋಟದ ಬಾಳೆಲೆಯನ್ನು ಒರೆಸಿ, ಹಾಸಿ, ಅದರ ಮೇಲೆ ಮಲಗಿಸುತ್ತಿದ್ದೆವು. ತಿಂಗಳಿಗೊಮ್ಮೆ ಮೂರು ದಿನ ಡ್ರಿಪ್‌ನಲ್ಲಿ ಔಷಧಿ, ಹೀಗೆ ಒಟ್ಟು 18 ಪಲ್ಸ್ ಆದವು. ನಡುವೆ ಪ್ರತಿದಿನ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ 50 ಮಿಲಿಗ್ರಾಂ ಮಾತ್ರೆ. ಪಲ್ಸ್ ಮುಗಿದ ಮೇಲೂ ಒಂದು ವರ್ಷ ಅದೇ ಮಾತ್ರೆ. 2011ರಲ್ಲಿ ಎಲ್ಲವನ್ನೂ ನಿಲ್ಲಿಸಿದ ನಂತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆರಾಮವಾಗಿದ್ದರು.

ಈಗ ಆರು ತಿಂಗಳಿಂದ ರಾತ್ರಿ ಐದಾರು ಸಲ ಏಳುತ್ತಾರೆ, ಬಚ್ಚಲು ತಲುಪುವಷ್ಟರಲ್ಲಿ ತಡೆಯಲಾಗುವುದಿಲ್ಲ. ಬೆಳಕು ಹರಿಯುವ ಮೊದಲೇ ತಮ್ಮ ಸೀರೆಯನ್ನು ತಾವೇ ಒಗೆದು ಹಿತ್ತಿಲಲ್ಲಿ ಹಾಕುತ್ತಿದ್ದುದನ್ನು ಕಂಡ ಮೇಲಷ್ಟೇ ನನಗೆ ವಿಷಯ ತಿಳಿಯಿತು. ಎರಡು ಸಲ ಮೂತ್ರವು ಪುನರ್ಪುಳಿ ಶರಬತ್ತಿನ ಬಣ್ಣದಲ್ಲಿ ಹೋಗಿದೆ, ನೋವೇನೂ ಇಲ್ಲ. ಸೋಂಕೆಂದು ಮೂರು ಸಲ ಆ್ಯಂಟಿಬಯಾಟಿಕ್ ಕೊಟ್ಟರು, ಆದರೆ ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ. ಇದೇ ಹೊತ್ತಿಗೆ ಬಾಯಿಯಲ್ಲಿ ಮತ್ತೆ ಹುಣ್ಣು ಕಾಣಿಸಿಕೊಂಡಿದ್ದು, ಚರ್ಮವೈದ್ಯರು ಈ ಸಲ ರಿಟುಕ್ಸಿಮ್ಯಾಬ್ ಎಂಬ ಬೇರೆ ಔಷಧಿ ಕೊಡೋಣ ಎನ್ನುತ್ತಿದ್ದಾರೆ. ಒಂದು ಸಂಶೋಧನಾ ಅಧ್ಯಯನಕ್ಕೆ ಸೇರಿಸುವ ಮಾತೂ ಬಂದಿದೆ. ಚರ್ಮದ ರೋಗವೇ ಮೂತ್ರಕೋಶಕ್ಕೂ ಇಳಿದಿದೆಯೇ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ನರ್ಸ್, ಮಂಗಳೂರು

ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿಡುವ ಡೆಸ್ಮೋಗ್ಲೀನ್ ಎಂಬ ಪ್ರೋಟೀನಿನ ಮೇಲೆ ದೇಹದ ಪ್ರತಿಕಾಯಗಳೇ ದಾಳಿ ಮಾಡುವುದು ಪೆಂಫಿಗಸ್. ಆದರೆ ನೀವು ಬರೆದದ್ದನ್ನು ಓದಿದಾಗ ನನ್ನ ಮನಸ್ಸು ರೋಗದ ಕಡೆಗಲ್ಲ, ಆ 50 ಮಿಲಿಗ್ರಾಂ ಮಾತ್ರೆಯ ಕಡೆಗೆ ಹೋಯಿತು. ಸೈಕ್ಲೋಫಾಸ್ಫಮೈಡ್ ದೇಹದಲ್ಲಿ ಒಡೆದಾಗ ಅಕ್ರೋಲಿನ್ ಎಂಬ ವಸ್ತು ಹುಟ್ಟಿ, ಮೂತ್ರದೊಂದಿಗೆ ಮೂತ್ರಕೋಶದಲ್ಲಿ ನಿಂತು, ಅದರ ಒಳಪದರವನ್ನು ಸುಡುತ್ತದೆ. ಅದಕ್ಕಾಗಿಯೇ ನಾವು ವಾರ್ಡಿನಲ್ಲಿ ರೋಗಿಗಳಿಗೆ ಗಂಟೆಗೊಮ್ಮೆ ನೀರು ಕುಡಿಸಿ, ನಡುರಾತ್ರಿ ಎಬ್ಬಿಸಿ ಮೂತ್ರಕ್ಕೆ ಕಳುಹಿಸುತ್ತಿದ್ದೆವು. ನಿದ್ದೆ ಕೆಡಿಸುತ್ತೀರಿ ಎಂದು ಬೈಸಿಕೊಂಡದ್ದೂ ಉಂಟು.

ಈ ಪಲ್ಸ್ ಕ್ರಮವನ್ನು ಡಾ. ಜೆ. ಎಸ್. ಪಸ್ರೀಚಾ ಅವರು ದೆಹಲಿಯ ಏಮ್ಸ್‌ನಲ್ಲಿ 1980ರ ದಶಕದಲ್ಲಿ ರೂಪಿಸಿದರು: ಮೂರು ದಿನ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ 100 ಮಿಲಿಗ್ರಾಂ, ಅದರಲ್ಲಿ ಒಂದು ದಿನ ಸೈಕ್ಲೋಫಾಸ್ಫಮೈಡ್ 500 ಮಿಲಿಗ್ರಾಂ. ಅದರಿಂದ ಬದುಕಿ ಮನೆಗೆ ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಅಂದು ತಪ್ಪು ಚಿಕಿತ್ಸೆ ಆಯಿತೆಂದು ಕೊರಗಬೇಡಿ. ಅಮ್ಮನ ದೇಹಕ್ಕೆ ಸೇರಿದ ಸೈಕ್ಲೋಫಾಸ್ಫಮೈಡ್‌ನ ಲೆಕ್ಕ ಮಾತ್ರ ಹಾಕಿಡಿ. 18 ಪಲ್ಸ್‌ಗಳಲ್ಲಿ 9 ಗ್ರಾಂ, ಸುಮಾರು 900 ದಿನಗಳ ಮಾತ್ರೆಯಲ್ಲಿ 45 ಗ್ರಾಂ, ಒಟ್ಟು 54 ಗ್ರಾಂ. ರಕ್ತನಾಳದ ಉರಿಯೂತಕ್ಕೆ ಇದೇ ಔಷಧಿ ಪಡೆದ 145 ಜನರನ್ನು ಅಮೆರಿಕದಲ್ಲಿ ದೀರ್ಘಕಾಲ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ಮೂತ್ರದಲ್ಲಿ ರಕ್ತ ಕಂಡಿತ್ತು, 7 ಮಂದಿಗೆ ಮೂತ್ರಕೋಶದ ಕ್ಯಾನ್ಸರ್ ಆಗಿತ್ತು. ಆ ಏಳು ಮಂದಿಗೂ ಮೊದಲು ಕಂಡದ್ದು ರಕ್ತವೇ. ಅಮ್ಮನಿಗೂ ಹಾಗೆಯೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಔಷಧಿ ನಿಲ್ಲಿಸಿ ವರ್ಷಗಳಾದ ಮೇಲೂ ಇದು ಬರಬಹುದಾದ್ದರಿಂದ ನಾಲ್ಕನೆಯ ಸಲ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವ ಬದಲು ಯೂರಾಲಜಿಯವರ ಬಳಿ ಹೋಗಿ ಸಿಸ್ಟೋಸ್ಕೋಪಿ, ಅಂದರೆ ಸಣ್ಣ ನಳಿಕೆಯ ಮೂಲಕ ಮೂತ್ರಕೋಶದ ಒಳಗನ್ನು ನೋಡುವ ಪರೀಕ್ಷೆ, ಮಾಡಿಸಿ ಎನ್ನುತ್ತಿದ್ದೇನೆ. ಹಳೆಯ ಡಿಸ್ಚಾರ್ಜ್ ಕಾಗದಗಳನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಏಕೆಂದರೆ ನೀವು ಹೇಳದಿದ್ದರೆ ಹದಿನೈದು ವರ್ಷದ ಹಿಂದಿನ ಚರ್ಮದ ಔಷಧಿಯನ್ನು ಮೂತ್ರರೋಗದ ವೈದ್ಯರು ಊಹಿಸಲಾರರು.

ಅಧ್ಯಯನ ಸಂಯೋಜಕ, ಮಣಿಪಾಲ

ಮೇಲಿನ ಮಾತಿಗೆ ನನ್ನ ಒಪ್ಪಿಗೆ ಇದೆ. ರಿಟುಕ್ಸಿಮ್ಯಾಬ್ ಬಗ್ಗೆ ಹೇಳುವುದಾದರೆ, ಫ್ರಾನ್ಸಿನ 90 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದನ್ನು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡಿನ ಅಲ್ಪಾವಧಿಯ ಚಿಕಿತ್ಸೆಯ ಜೊತೆ ಪಡೆದವರಲ್ಲಿ ಶೇ. 89ರಷ್ಟು ಮಂದಿ ಎರಡು ವರ್ಷದ ಹೊತ್ತಿಗೆ ಔಷಧಿಯಿಲ್ಲದೆ ಸಂಪೂರ್ಣ ಗುಣದಲ್ಲಿದ್ದರು. ಬರೀ ಪ್ರೆಡ್ನಿಸೋನ್ ಪಡೆದವರಲ್ಲಿ ಶೇ. 34 ಮಾತ್ರ. ಮೂತ್ರಕೋಶವನ್ನು ಸುಡುವ ಅಕ್ರೋಲಿನ್ ಇದರಿಂದ ಹುಟ್ಟುವುದಿಲ್ಲ. ಆದರೆ ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಸೋಂಕುಗಳ ಭಯವೂ ಉಂಟು.

ಅಧ್ಯಯನಕ್ಕೆ ಸೇರುವುದಾದರೆ ಅದರ ಸಿಟಿಆರ್‌ಐ (ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿ) ಸಂಖ್ಯೆಯನ್ನು ಮತ್ತು ಕನ್ನಡದ ಒಪ್ಪಿಗೆ ಪತ್ರವನ್ನು ಕೇಳಿ ಪಡೆಯಿರಿ, ಪತ್ರವನ್ನು ಮನೆಗೆ ತಂದು ಅಮ್ಮನಿಗೆ ಓದಿ ಹೇಳಿ. ಯಾವಾಗ ಬೇಕಾದರೂ ಹೊರಬರುವ ಹಕ್ಕು ಅವರಿಗಿದೆ, ಅದರಿಂದ ಮಾಮೂಲಿ ಚಿಕಿತ್ಸೆ ತಪ್ಪಬಾರದು. ಮೂತ್ರದ ರಕ್ತದ ವಿಷಯವನ್ನು ಮಾತ್ರ ದಯವಿಟ್ಟು ಮುಚ್ಚಿಡಬೇಡಿ. ಹೇಳಿದರೆ ಅಧ್ಯಯನಕ್ಕೆ ಸೇರಿಸಿಕೊಳ್ಳುವುದಿಲ್ಲವೇನೋ ಎಂಬ ಹೆದರಿಕೆಯಿಂದ ಮುಚ್ಚಿಟ್ಟವರನ್ನು ನೋಡಿದ್ದೇನೆ. ಸಿಸ್ಟೋಸ್ಕೋಪಿಯ ಫಲಿತಾಂಶ ತಿಳಿದ ಮೇಲೆಯೇ ಸಹಿಯ ಮಾತು.

ಕುಂದಾಪುರದಿಂದ

ನಮ್ಮ ದೊಡ್ಡಮ್ಮನಿಗೂ ಮೂತ್ರ ತಡೆಯಲಾಗದ ತೊಂದರೆ ಇತ್ತು. ಯಾವಾಗ ಹೋದರು, ಎಷ್ಟು ಹೋಯಿತು, ಯಾವಾಗ ಸೋರಿತು ಎಂದು ಮೂರು ದಿನ ಬರೆದಿಡಲು ವೈದ್ಯರು ಹೇಳಿದ್ದರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದದ್ದೇ ಬಹಳ ಉಪಯೋಗಕ್ಕೆ ಬಂತು. ಮೂತ್ರದ ಅವಸರ ತಗ್ಗಿಸಲು ಕೊಟ್ಟ ಸಾಲಿಫೆನಾಸಿನ್ ಮಾತ್ರೆಯಿಂದ ಬಾಯಿ ಒಣಗಿ, ಮಲಬದ್ಧತೆಯಾಗಿ, ಮಿರಾಬೆಗ್ರಾನ್‌ಗೆ ಬದಲಾಯಿಸಿದರು. ಅದಕ್ಕೆ ಬಿಪಿ ನೋಡುತ್ತಿರಬೇಕು. ನಿಮ್ಮ ಅಮ್ಮನ ಬಾಯಲ್ಲಿ ಹುಣ್ಣಿರುವಾಗ ಬಾಯಿ ಒಣಗಿಸುವ ಮಾತ್ರೆ ಎಷ್ಟು ಕಷ್ಟವಾದೀತೆಂದು ಯೋಚಿಸಿ ಇದನ್ನು ಬರೆದೆ. ಹಿಂದೆ ಸ್ಟೀರಾಯ್ಡ್ ಪಡೆದವರಾದ್ದರಿಂದ ಸಕ್ಕರೆಯನ್ನೂ ಒಮ್ಮೆ ನೋಡಿಸಿ.

ಕಟಪಾಡಿಯ ಮಗಳು

ಎಲ್ಲರಿಗೂ ಮನಸಾರೆ ವಂದನೆಗಳು. ಅಟ್ಟದ ಟ್ರಂಕಿನಲ್ಲಿ ಹಳೆಯ ಫೈಲ್ ಸಿಕ್ಕಿತು. ಪಲ್ಸ್ ಹಾಳೆಗಳು 18 ಅಲ್ಲ, 21 ಇವೆ; ನಾನು ತಪ್ಪಾಗಿ ನೆನಪಿಟ್ಟಿದ್ದೆ. ಸೋಮವಾರ ಯೂರಾಲಜಿಗೆ ಹೋಗುತ್ತಿದ್ದೇವೆ. ಔಷಧಿಯಿಂದ ಹೀಗಾಗಿರಬಹುದೆಂದು ಅಮ್ಮನಿಗೆ ಹೇಳಿದಾಗ, ವಯಸ್ಸಾಯಿತಲ್ಲ, ಎಲ್ಲರಿಗೂ ಹೀಗೆಯೇ ಎಂದುಕೊಂಡು ಸುಮ್ಮನಿದ್ದೆ ಎಂದರು. ಇಂದು ಬೆಳಿಗ್ಗೆ ಸೀರೆಯನ್ನು ನನ್ನ ಕೈಗೆ ಕೊಟ್ಟರು.