ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರ್: ಇಂಜೆಕ್ಷನ್ ಜೊತೆ ಜಂತುಹುಳದ ಮಾತ್ರೆ, ಲಕ್ಷ್ಮಣ ಫಲದ ಕಷಾಯ ಕೊಡಬಹುದಾ?

ಚನ್ನಗಿರಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 71 ವರ್ಷ. ಚನ್ನಗಿರಿ ಹತ್ತಿರ ಅಡಿಕೆ ತೋಟ ಇದೆ, ಎರಡು ಹಸು ಇವೆ. ಸೊಂಟನೋವು ಅಂತ ತಿಂಗಳುಗಟ್ಟಲೆ ಎಣ್ಣೆ ಹಚ್ಚಿಕೊಂಡೇ ಓಡಾಡುತ್ತಿದ್ದರು. ರಾತ್ರಿ ಮೂತ್ರಕ್ಕೆ ಏಳುವುದು ಜಾಸ್ತಿ ಆದ ಮೇಲೆ ದಾವಣಗೆರೆಗೆ ಕರೆದುಕೊಂಡು ಹೋದೆ. ಪಿಎಸ್‌ಎ (ಪ್ರಾಸ್ಟೇಟ್ ಕಾಯಿಲೆಯ ಸುಳಿವು ಕೊಡುವ ರಕ್ತಪರೀಕ್ಷೆ) 148 ಬಂತು, ತುಂಬಾ ಜಾಸ್ತಿ ಅಂತೆ. ಬಯಾಪ್ಸಿಯಲ್ಲಿ ಗ್ಲೀಸನ್ 4+4, ಅಂದರೆ ಬೇಗ ಬೆಳೆಯುವ ತರಹದ ಕ್ಯಾನ್ಸರ್. ಬೋನ್ ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಯಲ್ಲಿ ಮೂರ್ನಾಲ್ಕು ಕಡೆ, ಸೊಂಟದ ಮೂಳೆಯಲ್ಲೂ ಇದೆ. ಹಾರ್ಮೋನ್ ಇಳಿಸೋಕೆ ಮೂರು ತಿಂಗಳಿಗೊಮ್ಮೆ ಕೊಡುವ ಲ್ಯುಪ್ರೋಲೈಡ್ ಇಂಜೆಕ್ಷನ್ ಶುರು ಮಾಡಿದ್ದಾರೆ. ಅಬಿರಾಟೆರೋನ್ ಅಂತ ಮಾತ್ರೆಯನ್ನೂ ಸೇರಿಸಬೇಕು, ಖರ್ಚು ನೋಡಿಕೊಂಡು ಬಂದು ಹೇಳಿ ಅಂದರು.

ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಡಲ್ಲಾಸ್‌ನಲ್ಲಿರುವ ಚಿಕ್ಕಪ್ಪನ ಮಗ ಒಂದು ಪಟ್ಟಿಯನ್ನೇ ಕಳಿಸಿದ್ದಾನೆ: ಜಂತುಹುಳಕ್ಕೆ ಕೊಡುವ ಫೆನ್‌ಬೆಂಡಜೋಲ್, ಐವರ್‌ಮೆಕ್ಟಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಕೊಲೆಸ್ಟ್ರಾಲ್‌ನ ಅಟೋರ್ವಾಸ್ಟಾಟಿನ್, ಮೇಲೆ ಅರಿಶಿನದ ಕ್ಯಾಪ್ಸೂಲ್. ಇವೆಲ್ಲ ಹಳೆಯ, ಅಗ್ಗದ ಮಾತ್ರೆಗಳು, ಪೇಟೆಂಟ್ ಇಲ್ಲ, ಅದಕ್ಕೇ ಕಂಪನಿಗಳು ಮುಚ್ಚಿಡುತ್ತವೆ ಅನ್ನುತ್ತಾನೆ. ಸೋದರತ್ತೆ ಲಕ್ಷ್ಮಣ ಫಲದ ಎಲೆ ತಂದು ಕಷಾಯ ಮಾಡಿಕೊಡುತ್ತಿದ್ದಾರೆ. ಶಕ್ತಿಗೆ ಅಂತ ಅಶ್ವಗಂಧದ ಪುಡಿ ಬೇರೆ. ಫೆನ್‌ಬೆಂಡಜೋಲ್ ಹೆಸರು ಕೇಳಿ ಅಪ್ಪ, "ಅದು ನಮ್ಮ ಹಸುಗೆ ಹಾಕೋದಲ್ವಾ" ಅಂದರು. ಕಷಾಯ ಮಾತ್ರ ಬಿಡಲ್ಲ ಅನ್ನುತ್ತಾರೆ. ಇಂಜೆಕ್ಷನ್ ಆದ ಮೇಲೆ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯಾಗಿ ಬೆವರುತ್ತದೆ, ಅದನ್ನೇ ನಿಲ್ಲಿಸಿಬಿಡೋಣ ಅಂತಲೂ ಹಠ.

ಹಳೆಯ ಮಾತ್ರೆಗಳಿಗೆ ಹೊಸ ಉಪಯೋಗ ಅನ್ನುವುದು ಪೂರ್ತಿ ಸುಳ್ಳಾ? ಜೊತೆಗೆ ಕೊಟ್ಟರೆ ತೊಂದರೆ ಏನು? ಡಾಕ್ಟರ್ ಹತ್ತಿರ ಇಷ್ಟೆಲ್ಲ ಕೇಳೋಕೆ ಸಮಯ ಸಿಗಲಿಲ್ಲ. ಕೈಲಾದದ್ದನ್ನೆಲ್ಲ ಮಾಡಬೇಕು ಅನ್ನಿಸುತ್ತದೆ, ಏನು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ.

ಹುಬ್ಬಳ್ಳಿ ಫಾರ್ಮಸಿಸ್ಟ್:

ತಂಗೀ, ನಾನು ಕ್ಯಾನ್ಸರ್ ವಾರ್ಡಿಗೆ ಔಷಧಿ ಕೊಡುವ ಕೆಲಸ ಮಾಡಿ ನಿವೃತ್ತಿ ಆದವಳು. ನಿಮ್ಮ ಪಟ್ಟಿಯಲ್ಲಿ ಇರೋದನ್ನೆಲ್ಲ ಕೌಂಟರ್‌ನಲ್ಲಿ ಜನ ಕೇಳಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಹಳೆಯ ಮಾತ್ರೆಗೆ ಹೊಸ ಉಪಯೋಗ ಅನ್ನುವುದು ಸುಳ್ಳಲ್ಲ. ಕೀಟೊಕೊನಜೋಲ್ ಗೊತ್ತಲ್ಲ, ಹುಳುಕಡ್ಡಿಗೆ ಹಚ್ಚುವ ಔಷಧಿ. ಅದರ ಮಾತ್ರೆ ಜಾಸ್ತಿ ಡೋಸ್‌ನಲ್ಲಿ ಕೊಟ್ಟರೆ ದೇಹ ಟೆಸ್ಟೊಸ್ಟೆರಾನ್ (ಈ ಕ್ಯಾನ್ಸರನ್ನು ಬೆಳೆಸುವ ಗಂಡಸರ ಹಾರ್ಮೋನ್) ತಯಾರಿಸುವುದು ಕಡಿಮೆ ಆಗುತ್ತದೆ ಅಂತ 1980ರ ದಶಕದಲ್ಲಿ ಕಂಡುಕೊಂಡು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಬಳಸುತ್ತಿದ್ದರು. ಅದರ ಅಡ್ಡಪರಿಣಾಮ ವಿಪರೀತ. ಅದೇ ಜಾಗದಲ್ಲಿ ಇನ್ನೂ ಗುರಿಯಿಟ್ಟು ಕೆಲಸ ಮಾಡುವ ಔಷಧಿ ಬೇಕು ಅಂತ ಲಂಡನ್‌ನ ವಿಜ್ಞಾನಿಗಳು ಹುಡುಕಿ ಮಾಡಿದ್ದೇ ಅಬಿರಾಟೆರೋನ್. ಡಾಕ್ಟರ್ ನಿಮಗೆ ಹೇಳಿದ್ದು ಅದನ್ನೇ. ಅಂದರೆ ನಿಮ್ಮ ಅಣ್ಣ ಹುಡುಕುತ್ತಿರುವ ದಾರಿಯಲ್ಲಿ ಒಂದು ಔಷಧಿ ಆಗಲೇ ಪರೀಕ್ಷೆ ಪಾಸಾಗಿ ನಿಮ್ಮ ಚೀಟಿಯವರೆಗೆ ಬಂದಿದೆ.

ಹಳೆಯ ಔಷಧಿಗಳನ್ನು ಯಾರೂ ಪರೀಕ್ಷೆ ಮಾಡಲ್ಲ ಅನ್ನುವ ಮಾತು ನನಗೆ ನಿಜಕ್ಕೂ ಬೇಸರ ತರುತ್ತದೆ. ಮೆಟ್‌ಫಾರ್ಮಿನ್ ತಗೊಳ್ಳಿ. ಸ್ಟಾಂಪೀಡ್ ಅನ್ನುವ ದೊಡ್ಡ ಬ್ರಿಟಿಷ್ ಟ್ರಯಲ್‌ನಲ್ಲಿ ಸಕ್ಕರೆ ಕಾಯಿಲೆ ಇಲ್ಲದ, ಕ್ಯಾನ್ಸರ್ ಹರಡಿದ್ದ 1,800ಕ್ಕೂ ಹೆಚ್ಚು ಗಂಡಸರಲ್ಲಿ ಪರೀಕ್ಷಿಸಿದರು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ, ಅರ್ಧ ಜನಕ್ಕೆ ಅದರ ಜೊತೆ ಮೆಟ್‌ಫಾರ್ಮಿನ್. ಫಲಿತಾಂಶ 2025ರಲ್ಲಿ ಪ್ರಕಟ ಆಯಿತು. ಆಯುಷ್ಯ ಹೆಚ್ಚಿತು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಆದರೆ ಹಾರ್ಮೋನ್ ಚಿಕಿತ್ಸೆಯಿಂದ ಬರುವ ತೂಕ, ಸಕ್ಕರೆ, ಕೊಲೆಸ್ಟ್ರಾಲ್ ಏರಿಕೆ ಕಡಿಮೆ ಇತ್ತು. ಅಪ್ಪನಿಗೆ ಸಕ್ಕರೆ ಏರುತ್ತಿದ್ದರೆ ಡಾಕ್ಟರ್ ಹತ್ತಿರ ಇದನ್ನು ಕೇಳಿ, ಅದು ನ್ಯಾಯವಾದ ಪ್ರಶ್ನೆ. ಅಟೋರ್ವಾಸ್ಟಾಟಿನ್ ಕೂಡ ಹಾಗೇ, ಹೃದಯಕ್ಕೋ ಕೊಲೆಸ್ಟ್ರಾಲ್‌ಗೋ ಬೇಕಿದ್ದರೆ ತಗೊಳ್ಳಲಿ. ಕ್ಯಾನ್ಸರ್‌ಗೆ ಅಂತ ನೀವೇ ಶುರು ಮಾಡುವುದು ಬೇಡ.

ಫೆನ್‌ಬೆಂಡಜೋಲ್ ಸುದ್ದಿ ಹುಟ್ಟಿದ್ದು ಅಮೆರಿಕದ ಒಕ್ಲಹೋಮದ ಜೋ ಟಿಪ್ಪೆನ್ಸ್ ಎಂಬುವರಿಂದ. ಅವರಿಗಿದ್ದದ್ದು ಶ್ವಾಸಕೋಶದ ಕ್ಯಾನ್ಸರ್. ನಾಯಿಯ ಜಂತಿನ ಔಷಧಿ ತಿಂದು ಗುಣವಾಯಿತು ಅಂತ ಹೇಳಿಕೊಂಡರು. ಅದೇ ಸಮಯದಲ್ಲಿ ಅವರು ಇಮ್ಯುನೊಥೆರಪಿಯ (ದೇಹದ ರೋಗನಿರೋಧಕ ಶಕ್ತಿಯಿಂದ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ಟ್ರಯಲ್‌ನಲ್ಲೂ ಇದ್ದರು. ಆ ಎರಡನೇ ಭಾಗ ವಾಟ್ಸಾಪ್‌ನಲ್ಲಿ ಬರುವುದೇ ಇಲ್ಲ. ಇನ್ನೊಂದು ವಿಷಯ. ಜಂತುಹುಳ ಇರುವುದು ಕರುಳಿನಲ್ಲಿ. ಈ ಔಷಧಿ ರಕ್ತಕ್ಕೆ ಹೋಗುವುದೇ ಕಡಿಮೆ, ಕರುಳಲ್ಲೇ ಉಳಿದು ಕೆಲಸ ಮಾಡುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸತ್ತಿತು ಅಂದರೆ ಅಪ್ಪನ ಬೆನ್ನುಮೂಳೆಯವರೆಗೆ ಅಷ್ಟು ಔಷಧಿ ತಲುಪುತ್ತದೆ ಅಂತ ಅರ್ಥ ಅಲ್ಲ. ಇದನ್ನು ಸ್ವಂತವಾಗಿ ತಿಂದು ಲಿವರ್ ಹಾಳು ಮಾಡಿಕೊಂಡವರ ವರದಿಗಳಿವೆ. ಅಬಿರಾಟೆರೋನ್ ಕೂಡ ಲಿವರ್ ಮೇಲೆ ಭಾರ ಹಾಕುತ್ತದೆ. ಎರಡೂ ಸೇರಿ ಲಿವರ್ ಟೆಸ್ಟ್ ಏರಿದರೆ, ಕೆಲಸ ಮಾಡುವ ಮಾತ್ರೆಯನ್ನೇ ಡಾಕ್ಟರ್ ನಿಲ್ಲಿಸಬೇಕಾಗುತ್ತದೆ. ನನ್ನ ಭಯ ಇದು. ಐವರ್‌ಮೆಕ್ಟಿನ್‌ಗೂ ಪ್ರಾಸ್ಟೇಟ್ ರೋಗಿಗಳಲ್ಲಿ ಉಪಯೋಗ ಆಯಿತು ಅಂತ ತೋರಿಸಿದ ಟ್ರಯಲ್ ಇಲ್ಲ. ಅರಿಶಿನ ಸಾರು, ಪಲ್ಯದಲ್ಲಿ ಎಷ್ಟು ಬೇಕಾದರೂ ಇರಲಿ. ಕಾಳುಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲ್‌ಗಳಿಂದಲೂ ಲಿವರ್ ತೊಂದರೆ ಆಗಿರುವುದುಂಟು.

ಅಶ್ವಗಂಧ ಇವತ್ತೇ ನಿಲ್ಲಿಸಿ. ಅದು ಟೆಸ್ಟೊಸ್ಟೆರಾನ್ ಹೆಚ್ಚಿಸಬಹುದು ಅಂತ ಸಣ್ಣ ಅಧ್ಯಯನಗಳು ಹೇಳುತ್ತವೆ. ಇಂಜೆಕ್ಷನ್ ಕೊಡುತ್ತಿರುವುದೇ ಅದನ್ನು ಇಳಿಸೋಕೆ. ಲಕ್ಷ್ಮಣ ಫಲದ ಹಣ್ಣು ಯಾವಾಗಲೋ ಒಮ್ಮೆ ತಿಂದರೆ ನಾನು ಗಾಬರಿ ಆಗಲ್ಲ. ದಿನಾ ಎಲೆ ಕಷಾಯ ಬೇಡ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಟೀ ನಿತ್ಯ ಸೇವಿಸುವವರಲ್ಲಿ ಪಾರ್ಕಿನ್ಸನ್ ತರಹದ ಕಾಯಿಲೆ ಹೆಚ್ಚು ಕಂಡುಬಂತು ಅಂತ 1999ರಲ್ಲಿ ವರದಿ ಆಯಿತು. ಅದರಲ್ಲಿರುವ ಅನೊನಾಸಿನ್ ನರಕೋಶಗಳಿಗೆ ವಿಷ. ಅತ್ತೆಗೆ ಬೇಜಾರಾಗದ ಹಾಗೆ ಹೇಳಿ. ಅವರು ಪ್ರೀತಿಯಿಂದಲೇ ತರುತ್ತಿದ್ದಾರೆ.

ತೀರ್ಥಹಳ್ಳಿ ಅಳಿಯ:

ಮೇಡಂ ಹೇಳಿದ್ದನ್ನು ಗೌರವದಿಂದಲೇ ಓದಿದೆ. ಆದರೆ ನಮ್ಮ ಮಾವನವರಿಗೆ ಪಿಎಸ್‌ಎ 90 ಇದ್ದದ್ದು ಮರದ ತೊಗಟೆ ಕಷಾಯ ಕುಡಿದು ನಾಲ್ಕೇ ತಿಂಗಳಲ್ಲಿ 2ಕ್ಕೆ ಬಂತು. ಕಣ್ಣಾರೆ ಕಂಡದ್ದನ್ನು ಇಲ್ಲ ಅಂತ ಹೇಗೆ ಹೇಳಲಿ?

ಹುಬ್ಬಳ್ಳಿ ಫಾರ್ಮಸಿಸ್ಟ್:

ಇಲ್ಲ ಅನ್ನಬೇಡಿ. ಪಿಎಸ್‌ಎ ಇಳಿದದ್ದು ನಿಜ. ಆಗ ಇಂಜೆಕ್ಷನ್ ನಡೀತಿತ್ತಾ, ಅಥವಾ ವೃಷಣ ತೆಗೆಯುವ ಆಪರೇಷನ್ ಆಗಿತ್ತಾ?

ತೀರ್ಥಹಳ್ಳಿ ಅಳಿಯ:

ಆಪರೇಷನ್ ಮೊದಲೇ ಆಗಿತ್ತು. ಅದಾದ ಹದಿನೈದು ದಿನಕ್ಕೆ ಕಷಾಯ ಶುರು ಮಾಡಿದೆವು.

ಹುಬ್ಬಳ್ಳಿ ಫಾರ್ಮಸಿಸ್ಟ್:

ಆ ಆಪರೇಷನ್ ಆದ ಮೇಲೆ ಕಷಾಯ ಕುಡಿಯದ ಬಹುಪಾಲು ಜನರಲ್ಲೂ ಮೊದಲ ಕೆಲವು ತಿಂಗಳಲ್ಲಿ ಪಿಎಸ್‌ಎ ಹೀಗೇ ಬೀಳುತ್ತದೆ. ಟೆಸ್ಟೊಸ್ಟೆರಾನ್ ತಡೆದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದರು, 1966ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಮಾವನವರಿಗೆ ಕೆಲಸ ಮಾಡಿದ್ದು ಅದು.

ಅಮೆರಿಕದಲ್ಲಿ ಪಿಸಿ-ಸ್ಪೆಸ್ ಅಂತ ಗಿಡಮೂಲಿಕೆ ಮಾತ್ರೆ ಇತ್ತು. ಎಷ್ಟೋ ಜನರ ಪಿಎಸ್‌ಎ ನಿಜವಾಗಿಯೂ ಇಳಿಯಿತು. ಪರೀಕ್ಷೆ ಮಾಡಿದರೆ ಒಳಗೆ ಟೆಸ್ಟೊಸ್ಟೆರಾನ್ ಇಳಿಸುವ ಡಿಇಎಸ್ ಅನ್ನುವ ಹಾರ್ಮೋನ್ ಔಷಧಿ, ರಕ್ತ ತೆಳು ಮಾಡುವ ವಾರ್ಫರಿನ್ ಸಿಕ್ಕವು. 2002ರಲ್ಲಿ ಮಾರುಕಟ್ಟೆಯಿಂದ ವಾಪಸ್ ತಗೊಂಡರು. ಲೇಬಲ್ ಇಲ್ಲದ ಪೊಟ್ಟಣ ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಕುಂದಾಪುರ ರಿಟೈರ್ಡ್:

ಟೀಚರಮ್ಮ, ನನಗೇ ಈ ಕಾಯಿಲೆ. ಮೂಳೆಗೂ ಬಂದಿದೆ. ಮೊದಲು ಇಂಜೆಕ್ಷನ್ ಇತ್ತು, ಖರ್ಚು ನೋಡಿ ಆಮೇಲೆ ಆಪರೇಷನ್ ಮಾಡಿಸಿಕೊಂಡೆ. ಒಂದೇ ಸಲದ ಸಣ್ಣ ಆಪರೇಷನ್, ಪರಿಣಾಮ ಇಂಜೆಕ್ಷನ್ನಿನಷ್ಟೇ. ಗಂಡಸರಿಗೆ ಇದನ್ನು ಬಾಯಿಬಿಟ್ಟು ಮಾತಾಡೋಕೆ ಕಷ್ಟ, ನಿಮ್ಮ ಅಪ್ಪನಿಗೂ ಮಗಳ ಮುಂದೆ ಕಷ್ಟ ಆಗಬಹುದು. ಅಣ್ಣತಮ್ಮಂದಿರು ಯಾರಾದರೂ ಇದ್ದರೆ ಅವರು ಕೇಳಲಿ. ಉಳಿದ ದುಡ್ಡು ಅಬಿರಾಟೆರೋನ್‌ಗೆ ಆಗುತ್ತದೆ. ಆಯುಷ್ಮಾನ್ ಕಾರ್ಡಿನಲ್ಲಿ ಏನೇನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿಯಲ್ಲೂ ಒಮ್ಮೆ ತೋರಿಸಬಹುದು.

ಮೈ ಬಿಸಿಯಾಗುವುದು ನನಗೂ ಇತ್ತು. ರಾತ್ರಿ ಮಸಾಲೆ ಊಟ, ಬಿಸಿ ಕಾಫಿ ಬಿಟ್ಟೆ, ಹತ್ತಿ ಪಂಚೆ ಬನಿಯನ್, ಕಿಟಕಿ ತೆರೆದಿಟ್ಟೆ. ಸಹಿಸುವಷ್ಟು ಆಯಿತು. ಜಾಸ್ತಿ ಆದರೆ ಅದಕ್ಕೂ ಮಾತ್ರೆ ಇದೆ, ಡಾಕ್ಟರ್‌ಗೆ ಹೇಳಿ. ಅದಕ್ಕಾಗಿ ಇಂಜೆಕ್ಷನ್ ಮಾತ್ರ ನಿಲ್ಲಿಸಬೇಡಿ.

ಬೇರೆ ಚಿಕಿತ್ಸೆ ಏನಾದರೂ ಮಾಡಲೇಬೇಕು ಅಂದರೆ ನಡಿಗೆ ಮಾಡಿಸಿ. ನಾನು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಬೆಳಗ್ಗೆ ಸಂಜೆ ನಡೆಯುವುದು ಬಿಟ್ಟಿಲ್ಲ. ಹಾರ್ಮೋನ್ ಇಳಿದರೆ ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ. ಸುಸ್ತಿಗೆ ನನಗೆ ಅಶ್ವಗಂಧಕ್ಕಿಂತ ಇದೇ ಒಗ್ಗಿತು. ಅವರ ಬೆನ್ನುಮೂಳೆಯಲ್ಲೂ ಇರುವುದರಿಂದ ಯಾವ ವ್ಯಾಯಾಮ ಸರಿ, ಎಷ್ಟು ಭಾರ ಎತ್ತಬಹುದು ಅಂತ ಮೊದಲು ಕೇಳಿ. ಅಡಿಕೆ ಮೂಟೆ ಅಂತೂ ಮುಟ್ಟಲೇಬಾರದು. ಮೂಳೆಗೆ ಜೊಲೆಡ್ರಾನಿಕ್ ಇಂಜೆಕ್ಷನ್ ಕೊಡುವುದಾದರೆ ಅದಕ್ಕೂ ಮೊದಲು ಹಲ್ಲಿನ ಡಾಕ್ಟರ್‌ಗೆ ತೋರಿಸಿ. ಕೀಳಬೇಕಾದ ಹಲ್ಲು ಮೊದಲೇ ಕೀಳಿಸಿ, ಆಮೇಲೆ ಕಿತ್ತರೆ ದವಡೆ ಮೂಳೆ ವಾಸಿಯಾಗದೆ ತೊಂದರೆ ಆಗಬಹುದು.

ಇದೊಂದು ದಯವಿಟ್ಟು ಮನೆಯವರಿಗೆಲ್ಲ ಹೇಳಿಡಿ. ಕಾಲಿನ ಶಕ್ತಿ ಹೋದರೆ, ಜೋಮು ಹತ್ತಿದರೆ, ಮೂತ್ರ ಕಟ್ಟಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಚನ್ನಗಿರಿ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಕಾಲಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಅಮ್ಮನಿಗೂ ತೋಟದ ಆಳಿಗೂ ಈಗಲೇ ಹೇಳಿದೆ. ಅಶ್ವಗಂಧ ತೆಗೆದಿಟ್ಟೆ. ಅತ್ತೆಗೆ ಎಳನೀರು, ರಾಗಿ ಗಂಜಿಯ ಜವಾಬ್ದಾರಿ ಕೊಟ್ಟಿದ್ದೇನೆ, ಒಪ್ಪಿಕೊಂಡರು.

ಅಬಿರಾಟೆರೋನ್ ದಿನಕ್ಕೆ 250 ಮಿಲಿಗ್ರಾಂನ ನಾಲ್ಕು ಮಾತ್ರೆ ಅಂದರು. ಊಟದ ಜೊತೆ ಒಂದೇ ಮಾತ್ರೆ ಸಾಕು ಅಂತ ಎಲ್ಲೋ ಓದಿದೆ. ಅದೂ ವಾಟ್ಸಾಪ್ ಸುದ್ದಿನಾ ಅಕ್ಕ? ಅಷ್ಟು ಕೊಟ್ಟು ಪ್ರಯೋಜನ ಏನು ಅಂತ ಅಪ್ಪ ಬೇರೆ ಕೇಳುತ್ತಿದ್ದಾರೆ.

ಹುಬ್ಬಳ್ಳಿ ಫಾರ್ಮಸಿಸ್ಟ್:

ಅಲ್ಲ, ಅದಕ್ಕೆ ಆಧಾರ ಇದೆ. ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತಗೊಂಡರೆ ರಕ್ತಕ್ಕೆ ಹೋಗುವುದು ಬಹಳ ಕಡಿಮೆ, ಊಟದ ಜೊತೆ ಎಷ್ಟೋ ಪಟ್ಟು ಹೆಚ್ಚು. 72 ರೋಗಿಗಳಲ್ಲಿ ಖಾಲಿ ಹೊಟ್ಟೆಗೆ 1000 ಮಿಲಿಗ್ರಾಂ, ಕೊಬ್ಬು ಕಡಿಮೆ ಇರುವ ತಿಂಡಿ ಜೊತೆ 250 ಮಿಲಿಗ್ರಾಂ ಕೊಟ್ಟು ಹೋಲಿಸಿದರು. ಪಿಎಸ್‌ಎ ಇಳಿಕೆಯಲ್ಲಿ ಕಡಿಮೆ ಡೋಸ್ ಹಿಂದೆ ಬೀಳಲಿಲ್ಲ. 2018ರಲ್ಲಿ ಪ್ರಕಟ ಆಯಿತು. ಸಣ್ಣ ಅಧ್ಯಯನ, ಆಯುಷ್ಯ ಅಳೆದಿಲ್ಲ, ಇದು ನೆನಪಿರಲಿ. ಆದರೂ ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ಎನ್‌ಸಿಸಿಎನ್‌ನ ಮಾರ್ಗಸೂಚಿಯಲ್ಲಿ ಇದನ್ನು ಒಂದು ಆಯ್ಕೆಯಾಗಿ ಸೇರಿಸಿದ್ದಾರೆ. ಪೂರ್ತಿ ಡೋಸ್ ಕೊಳ್ಳೋಕೆ ಆಗದೆ ಮಾತ್ರೆಯನ್ನೇ ಬಿಡುವುದಕ್ಕಿಂತ ಇದು ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ.

ಅಪ್ಪನಿಗೆ ಈ ಲೆಕ್ಕ ಹೇಳಿ. ಹೊಸದಾಗಿ ಪತ್ತೆಯಾದ, ಮೂಳೆಗೆ ಹರಡಿದ, ಅಪಾಯ ಹೆಚ್ಚಿರುವ ಸುಮಾರು 1,200 ಜನರಲ್ಲಿ ಲ್ಯಾಟಿಟ್ಯೂಡ್ ಅನ್ನುವ ಟ್ರಯಲ್ ಮಾಡಿದರು. ಬರೀ ಹಾರ್ಮೋನ್ ಇಳಿಸಿದವರಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ 36.5 ತಿಂಗಳು. ಅಬಿರಾಟೆರೋನ್ ಸೇರಿಸಿದವರಲ್ಲಿ 53.3 ತಿಂಗಳು. ಅಲ್ಲಿ ಕೊಟ್ಟಿದ್ದು ಪೂರ್ತಿ ಡೋಸ್.

ನೀವಾಗಿ ಡೋಸ್ ಬದಲಾಯಿಸಬೇಡಿ. "ಕಡಿಮೆ ಡೋಸ್, ತಿಂಡಿ ಜೊತೆ ಆಗುತ್ತದಾ" ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ನಾಲ್ಕು ಮಾತ್ರೆ ಅಂದರೆ ಖಾಲಿ ಹೊಟ್ಟೆಯಲ್ಲೇ ತಗೋಬೇಕು, ಊಟದ ಜೊತೆ ತಗೊಂಡರೆ ರಕ್ತದಲ್ಲಿ ವಿಪರೀತ ಏರುತ್ತದೆ. ಜೊತೆಗೆ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ, ಅದನ್ನು ತಪ್ಪಿಸಬಾರದು, ಒಮ್ಮೆಲೇ ನಿಲ್ಲಿಸಲೂಬಾರದು. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಲಿವರ್ ಟೆಸ್ಟ್ ಇರುತ್ತದೆ, ಪೊಟ್ಯಾಸಿಯಂ, ಬಿಪಿ ಕೂಡ ನೋಡುತ್ತಿರಬೇಕು. ಕಾಲು ಊದಿದರೆ ಅವತ್ತೇ ಫೋನ್ ಮಾಡಿ. ಇಷ್ಟು ದಿನ ಕುಡಿದ ಕಷಾಯ, ಪುಡಿಗಳ ಹೆಸರನ್ನೂ ಅದೇ ಚೀಟಿಯಲ್ಲಿ ಬರೆಯಿರಿ.