‘ಮಧ್ಯಮ ಹಂತ’ದ ಆರೋಗ್ಯ ಸಿಬ್ಬಂದಿ: ಸಂದೇಶ ಗುಂಪಿನಲ್ಲಿ ವೈದ್ಯಾಧಿಕಾರಿಗಳೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿಕ್ಷಕಿ, ಚಿಂತಾಮಣಿ): ಮೇಡಂ, ನಮ್ಮೂರಿನ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ‘ಮಧ್ಯಮ ಹಂತದ’ ಸಿಬ್ಬಂದಿ ಎನ್ನುತ್ತಾರೆ. ಅದರ ಅರ್ಥವೇನು?

ವೈದ್ಯೆ: ಆಶಾ ಕಾರ್ಯಕರ್ತೆ ಮತ್ತು ದಾದಿಯರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ನಡುವೆ ಇರುವ ಹೊಣೆಯನ್ನು ಆ ವಿಶೇಷಣ ಸೂಚಿಸುತ್ತದೆ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ತಪಾಸಣೆ ಮಾಡುವುದು, ವೈದ್ಯರು ಆರಂಭಿಸಿದ ಮಾತ್ರೆಗಳನ್ನು ಮುಂದುವರಿಸಿ ಕೊಡುವುದು, ಅಪಾಯ ಕಂಡರೆ ಮೇಲಿನ ಆಸ್ಪತ್ರೆಗೆ ಕಳುಹಿಸುವುದು ಅವರ ಕೆಲಸ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮಿನಲ್ಲೂ ‘ಮಧ್ಯಮ ಹಂತ’ ಎಂಬ ಮಾತು ಬರುತ್ತದೆ. ದಯವಿಟ್ಟು ‘ಮಧ್ಯಮ ದರ್ಜೆ’ ಎಂದು ಬರೆಯಬೇಡಿ. ದರ್ಜೆ ಎಂದೊಡನೆ ಜನ ಅಕ್ಕಿಯಂತೆ ಗುಣವನ್ನು ಅಳೆಯತೊಡಗುತ್ತಾರೆ. ಅಮೆರಿಕದಲ್ಲಿ ಉನ್ನತ ತರಬೇತಿ ಪಡೆದ ದಾದಿಯರ ಸಂಘಟನೆಗಳು ‘ಮಧ್ಯಮ ಹಂತ’ ಎಂಬ ವಿಶೇಷಣವನ್ನೇ ಆಕ್ಷೇಪಿಸುತ್ತವೆ, ಮತ್ತು ಆ ಆಕ್ಷೇಪ ನನಗೆ ನ್ಯಾಯವೆನಿಸುತ್ತದೆ.

ಪ್ರಶ್ನೆ (ಬಾಗೇಪಲ್ಲಿ): ಹಾಗಾದರೆ ಅವರು ಡಾಕ್ಟರೇ?

ವೈದ್ಯೆ: ಅಲ್ಲ.

ಪ್ರಶ್ನೆ (ಗುಡಿಬಂಡೆ): ಮೇಡಂ, ನಮ್ಮ ತಂದೆಯವರಿಗೆ 62 ವರ್ಷ, ಸಕ್ಕರೆ ಕಾಯಿಲೆಯಿದೆ. ನಿನ್ನೆ ಸಂಜೆ ಹಿಪ್ಪುನೇರಳೆ ತೋಟದಿಂದ ಬಂದವರು ಎದೆ ಹಿಡಿದುಕೊಂಡು ಬೆವತರು. ಉಪಕೇಂದ್ರದ ಮೇಡಂ ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ‘ಅವರು ಮಧ್ಯಮದವರು, ಅವರ ಮಾತಿಗೆ ಓಡಬೇಕೇ’ ಎಂದು ಚಿಕ್ಕಪ್ಪ ತಡೆದರು. ಗುಂಪಿನಲ್ಲಿ ಬಂದಿದ್ದ ಶುಂಠಿ, ಬೆಳ್ಳುಳ್ಳಿ, ನಿಂಬೆಯ ಕಷಾಯ ಕೊಟ್ಟೆವು. ಈಗ ಮತ್ತೆ ಎದೆ ಭಾರ ಎನ್ನುತ್ತಿದ್ದಾರೆ.

ವೈದ್ಯೆ: ಓದುವುದನ್ನು ನಿಲ್ಲಿಸಿ ಮೊದಲು 108ಕ್ಕೆ ಕರೆ ಮಾಡಿ, ಆಮೇಲೆ ಉಳಿದದ್ದನ್ನು ಓದಿ. ತಂದೆಯವರನ್ನು ನಡೆಸಬೇಡಿ, ಬೈಕಿನಲ್ಲಿ ಕೂರಿಸಬೇಡಿ, ಒರಗಿ ಕೂರಲು ಬಿಡಿ. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತದಲ್ಲೂ ನೋವು ಕಡಿಮೆಯಿದ್ದು, ಬರೀ ಬೆವರು, ಆಯಾಸ, ಭಾರವಷ್ಟೇ ಕಾಣಿಸಬಹುದು. ರಕ್ತದೊತ್ತಡ ಸರಿಯಿದ್ದರೂ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಮೊದಲ ಇಸಿಜಿ ಸರಿಯಾಗಿ ಬಂದರೂ ಮತ್ತೆ ಇಸಿಜಿ ಮತ್ತು ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿಸದೆ ಮನೆಗೆ ಮರಳಬೇಡಿ. ರಕ್ತನಾಳ ಕಟ್ಟಿಕೊಂಡಿದ್ದರೆ ಪ್ರತಿ ನಿಮಿಷವೂ ಹೃದಯದ ಮಾಂಸಖಂಡ ಸಾಯುತ್ತಿರುತ್ತದೆ, ಆ ನಾಳವನ್ನು ಯಾವ ಕಷಾಯವೂ ತೆರೆಯುವುದಿಲ್ಲ. ನಿನ್ನೆ ಆ ಹೆಣ್ಣುಮಗಳು ಮಾಡಿದ್ದು ಅವರ ಹುದ್ದೆ ಬಯಸುವ ಕೆಲಸವನ್ನೇ: ಅಪಾಯವನ್ನು ಗುರುತಿಸಿ ಸಮಯಕ್ಕೆ ಮೇಲಕ್ಕೆ ಕಳುಹಿಸಿದರು. ಆ ಚೀಟಿಯಲ್ಲಿ ಲಕ್ಷಣ ಶುರುವಾದ ಹೊತ್ತು ಬರೆದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತೋರಿಸಿ.

ಸದಸ್ಯ (ಶಿಡ್ಲಘಟ್ಟ): ಬೆಳ್ಳುಳ್ಳಿಯನ್ನು ನಮ್ಮ ಹಿರಿಯರು ಬಳಸುತ್ತಿರಲಿಲ್ಲವೇ? ಆರು ತಿಂಗಳ ಕೋರ್ಸು ಮಾಡಿದವರನ್ನು ನಂಬಬೇಕೇ?

ಸದಸ್ಯೆ (ಚಿಕ್ಕಬಳ್ಳಾಪುರ): ನನ್ನ ಮಗಳು ನಾಲ್ಕು ವರ್ಷ ಬಿಎಸ್‌ಸಿ ನರ್ಸಿಂಗ್ ಓದಿದ ಮೇಲೆ ಆ ತರಬೇತಿ ಪಡೆದವಳು. ತಿಳಿಯದೆ ಮಾತನಾಡಬೇಡಿ.

ಸದಸ್ಯ (ಶಿಡ್ಲಘಟ್ಟ): ನಿಮ್ಮ ಮಗಳ ಮಾತು ಇಲ್ಲಿ ಬೇಡ, ಅಮ್ಮಾ.

ಸದಸ್ಯೆ (ಚಿಕ್ಕಬಳ್ಳಾಪುರ): ನಿಮ್ಮ ಕಷಾಯದ ಮಾತೂ ಬೇಡ.

ಪ್ರಶ್ನೆ (ಬಾಗೇಪಲ್ಲಿ): ಡಾಕ್ಟರ್ ಅಲ್ಲವೆಂದರೆ ಮಾತ್ರೆ ಹೇಗೆ ಕೊಡುತ್ತಾರೆ?

ವೈದ್ಯೆ: ಮೇಲೆ ಬರೆದಿದ್ದೇನೆ, ಓದಿ. ಶಿಡ್ಲಘಟ್ಟದವರೇ, ಆ ಕಷಾಯದ ಸಂದೇಶವನ್ನು ಇಲ್ಲಿ ಹಾಕಿದವರು ನೀವಾದರೆ ಈಗಲೇ ಅಳಿಸಿಹಾಕಿ. ಗುಡಿಬಂಡೆಯವರೇ, ಆಂಬುಲೆನ್ಸ್ ಬಂತೇ?

ಗುಡಿಬಂಡೆ: ಬಂದಿದೆ ಮೇಡಂ, ಹತ್ತಿಸುತ್ತಿದ್ದೇವೆ. ಚೀಟಿ ಕೈಯಲ್ಲೇ ಇದೆ, ನಿನ್ನೆ ಸಂಜೆ ಆರೂವರೆ ಎಂದು ಅದರಲ್ಲಿ ಬರೆದಿದ್ದಾರೆ.