ಧಾರಣೆ ಬೋರ್ಡಿನ ‘ಮಾದರಿ’ಗೆ ಬದಲು ಯಾವ ಪದ?

(ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಸೋಮವಾರದೊಳಗೆ ಒಂದು ಪದ ಬೇಕು. ನಾನು ಬೋರ್ಡ್ ಬರೆಯುವವನು. ಮೆಕ್ಕೆಜೋಳದ ದಲಾಲಿ ಅಂಗಡಿಯೊಂದಕ್ಕೆ ದಿನದ ಧಾರಣೆಯ ಬೋರ್ಡ್ ಮಾಡಿಕೊಡಬೇಕು. ಕನಿಷ್ಠ, ಗರಿಷ್ಠ ಎಲ್ಲರಿಗೂ ಗೊತ್ತು. ಮೂರನೇ ಕಾಲಮ್ಮಿಗೆ ‘ಮಾದರಿ’ ಅಂತ ಬರೆದುಕೊಟ್ಟಿದ್ದಾರೆ. ಹಳೇ ಬೋರ್ಡಿನಲ್ಲೂ ಅದೇ ಇದೆ. ಮೊನ್ನೆ ಅದರ ಮುಂದೆ ಹಿರಿಯರೊಬ್ಬರು ಅಂಗೈಯಲ್ಲಿ ನಾಲ್ಕು ಕಾಳು ಹಿಡಿದು ನಿಂತಿದ್ದರು. ‘ತಮ್ಮಾ, ಇದು ಸ್ಯಾಂಪಲ್ಲಿಗೆ ಕಟ್ಟೋ ರೇಟಾ?’ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ‘ಸರಾಸರಿ’ ಅಂತ ಬರೆದರೆ ಆಗುತ್ತಾ?

(ಹರಿಹರ)
ಆಗಲ್ಲ. ಸರಾಸರಿ ಬೇರೆ, ಇದು ಬೇರೆ. ಇದು ಅತಿ ಹೆಚ್ಚು ಸಲ ಬಂದ ಬೆಲೆ. ಅದಕ್ಕೆ ಶಾಲೆಯ ಗಣಿತದಲ್ಲಿ ‘ಬಹುಲಕ’ ಅಂತಿದೆ, ಅದನ್ನೇ ಹಾಕಿ.

(ಚಿತ್ರದುರ್ಗ)
‘ಬಹುಲಕ’ ಪರೀಕ್ಷೆಗೆ ಸರಿ, ಮಂಡಿಗಲ್ಲ. ‘ರೂಢಿಬೆಲೆ’ ಅಂತ ಒಳ್ಳೆಯ ಪದ ಮೊದಲಿಂದಲೂ ಇದೆ, ಯಾಕೆ ಬಿಟ್ಟರೋ. ಮೂಲ ನೋಡಿ. ಬಹುಲಕಕ್ಕೆ ಇಂಗ್ಲಿಷಿನಲ್ಲಿ ‘ಮೋಡ್’ ಅಂತಾರೆ; ಸಂಖ್ಯಾಶಾಸ್ತ್ರಕ್ಕೆ ಆ ಹೆಸರು ತಂದವರು ಇಂಗ್ಲೆಂಡಿನ ಗಣಿತಜ್ಞ ಕಾರ್ಲ್ ಪಿಯರ್ಸನ್, 1895ರಲ್ಲಿ. ಲ್ಯಾಟಿನ್ನಿನ ‘ಮೋಡಸ್’ ಅಂದರೆ ಅಳತೆ, ರೀತಿ. ರೀತಿಗೂ ರೂಢಿಗೂ ಎಷ್ಟು ಹತ್ತಿರ! ‘ಮಾಡೆಲ್’ ಕೂಡ ಅದೇ ಬೇರಿನದು. ಈ ಬೆಲೆಗೆ ಇಂಗ್ಲಿಷಿನಲ್ಲಿ ಹೇಳುವ ‘ಮೋಡಲ್’ ಅನ್ನು ‘ಮಾಡೆಲ್’ ಅಂತ ಓದಿ ಯಾರೋ ‘ಮಾದರಿ’ ಮಾಡಿರಬೇಕು.

(ಚಳ್ಳಕೆರೆ)
ರೂಢಿ ಸಂಸ್ಕೃತ. ಸರಾಸರಿ ಪಾರಸಿ. ನಮ್ಮ ಕಾಳಿಗೆ ಬೆಲೆ ಕಟ್ಟೋಕೂ ಸಾಲ ತರಬೇಕಾ? ‘ಬೆಲೆ’ ನಮ್ಮದೇ, ‘ಹೆಚ್ಚು’ ನಮ್ಮದೇ. ‘ಹೆಚ್ಚು ನಡೆದ ಬೆಲೆ’ ಅನ್ನಿ, ಅಷ್ಟು ಸಾಕು.

(ದಾವಣಗೆರೆ, ಕಾಲೇಜು ಉಪನ್ಯಾಸಕಿ)
ಪದಕ್ಕಿಂತ ಮೊದಲು ಲೆಕ್ಕ ನೋಡಿ. ಹತ್ತು ಲಾಟ್ ಬಂದಿವೆ, ಎಲ್ಲದರಲ್ಲೂ ಒಂದೇ ತೂಕ ಅಂದುಕೊಳ್ಳಿ. ಒಂದು ಹಸಿ ಮಾಲು, 1,500ಕ್ಕೆ ಹೋಯಿತು. ಆರು ಲಾಟ್ 2,100ಕ್ಕೆ, ಎರಡು 2,150ಕ್ಕೆ, ಒಂದು 2,200ಕ್ಕೆ. ಸರಾಸರಿ 2,060 ಬರುತ್ತದೆ. ಆ ಬೆಲೆಗೆ ಒಂದು ಕಾಳೂ ಮಾರಿಲ್ಲ! ಒಂದೇ ಒಂದು ಹಸಿ ಲಾಟ್ ಸರಾಸರಿಯನ್ನು ಕೆಳಗೆ ಎಳೆದಿದೆ. ನಾಳೆ ಚೀಲ ತರುವ ರೈತನಿಗೆ ಬೇಕಾದದ್ದು 2,100. ಅದೇ ಮೂರನೇ ಕಾಲಮ್ಮು.

ಇನ್ನೊಂದು ಮಾತು. ಆ ಹಿರಿಯರು ಕೇಳಿದ್ದು ತಪ್ಪಲ್ಲ. ನಮ್ಮ ಪಾಠದಲ್ಲೂ ‘ಮಾದರಿ’ ಅಂದರೆ ಸ್ಯಾಂಪಲ್ಲೇ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರ ಮುಂದಾಳತ್ವದಲ್ಲಿ 1950ರಲ್ಲಿ ಶುರುವಾದದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆ. ದೇಶದ ಮನೆಮನೆಗೂ ಹೋಗೋಕಾಗಲ್ಲ, ಆರಿಸಿದ ಕೆಲವು ಮನೆ ಕೇಳಿ ಉಳಿದದ್ದನ್ನು ಅಂದಾಜು ಮಾಡುವುದು. ಮುಷ್ಟಿ ಕಾಳು ನೋಡಿ ಚೀಲಕ್ಕೆ ಬೆಲೆ ಕಟ್ಟಿದ ಹಾಗೆ. ಆ ಪದವನ್ನು ಅಲ್ಲಿಗೇ ಬಿಡಿ.

(ಚಿತ್ರದುರ್ಗ)
ಲೆಕ್ಕ ಒಪ್ಪಿದೆ ಮೇಡಂ. ಆದರೆ ಚಳ್ಳಕೆರೆಯವರು ಸಾಲದ ಮಾತು ಎತ್ತಿದ್ದಾರೆ. ಸರಾಸರಿ ಪಾರಸಿ ಅಂತ ಯಾವ ರೈತ ಬೇಡ ಅಂದಿದ್ದಾನೆ? ಎಕರೆಗೆ ಸರಾಸರಿ ಇಷ್ಟು ಕ್ವಿಂಟಲ್ ಅಂತ ಹೊಲದಲ್ಲೇ ಹೇಳುತ್ತಾರೆ. ಬಾಯಲ್ಲಿ ನಿಂತ ಪದ ನಮ್ಮದೇ.

(ಚಳ್ಳಕೆರೆ)
ಹಾಗಂದುಕೊಂಡೇ ‘ಎಣಿಸು’ವಿನಂಥ ಪದಗಳನ್ನು ಮೂಲೆಗೆ ತಳ್ಳಿದ್ದು. ಇದರಲ್ಲಿ ರಾಜಿ ಇಲ್ಲ.

(ದಾವಣಗೆರೆ)
ಉಪಕಾರವಾಯಿತು. ಇವತ್ತು ‘ರೂಢಿಬೆಲೆ’, ‘ಹೆಚ್ಚು ನಡೆದ ಬೆಲೆ’ ಎರಡನ್ನೂ ಸೀಮೆಸುಣ್ಣದಲ್ಲಿ ಬರೆದು ಹಮಾಲರಿಗೆ ತೋರಿಸಿದೆ. ಎರಡನೆಯದನ್ನು ಓದಿದ ಕೂಡಲೇ ‘ಜಾಸ್ತಿ ಮಾಲು ಹೋಗಿದ್ದು ಈ ರೇಟಿಗೆ, ಅಲ್ವಾ?’ ಅಂದರು. ಕಾಲಮ್ಮು ಕಿರಿದು, ಎರಡು ಸಾಲು ಮಾಡಿ ಅದನ್ನೇ ಬರೆಯುತ್ತೇನೆ.